ಕಥೆ ಮೊದಲೇ ಹೇಳಿಬಿಟ್ಟೆ, ಆಮೇಲೆ ಜನ ಕೂತರು

ಕಲಬುರಗಿಯಲ್ಲಿ ಹೊರದೇಶದ ಸಿನಿಮಾ ಯಾರು ನೋಡ್ತಾರೆ ಅಂತ ನಕ್ಕವರಿಗೆ ಈಗ ಲೆಕ್ಕ ಕೊಡಬಹುದು. ಜಪಾನಿನ ನಿರ್ದೇಶಕ ಕುರೊಸಾವಾನ ‘ರಾನ್’ ಹಾಕಿದಾಗ ನನ್ನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ 34 ಜನ ಇದ್ದರು. ಎರಡೂ ಮುಕ್ಕಾಲು ತಾಸಿನ ಚಿತ್ರ. ನಡುವೆ ಎದ್ದು ಹೋದವರು ಇಬ್ಬರು, ಅದರಲ್ಲೊಬ್ಬರಿಗೆ ಜೇವರ್ಗಿ ಬಸ್ಸು ತಪ್ಪುತ್ತಿತ್ತು.

ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. ಮದುವೆ ಫೋಟೊ ತೆಗೆಯೋ ಮನುಷ್ಯ ನಾನು, ಬೆಳಕಿನ ಹುಚ್ಚು ಅಲ್ಲಿಂದ ಬಂದದ್ದು. ಪ್ರೊಜೆಕ್ಟರ್ ಹಳೇದು, ಬಾಗಿಲು ಮುಚ್ಚುತ್ತಿದ್ದ ಒಂದು ಟ್ಯೂಷನ್ ಕ್ಲಾಸಿನವರು 14 ಸಾವಿರಕ್ಕೆ ಕೊಟ್ಟರು. ಲ್ಯಾಂಪು ಹೊಸದು ಅಂದಿದ್ದರು, ಎರಡೇ ತಿಂಗಳಿಗೆ ಹೋಯಿತು. ಮತ್ತೆ 4 ಸಾವಿರ ಚಿಲ್ಲರೆ.

ಮೊದಲ ವರ್ಷ ಮಾಳಿಗೆ ಮೇಲೆ ಹಾಕಿದೆ, ಅದೂ ಏಪ್ರಿಲ್‌ನಲ್ಲಿ. ಹಗಲೆಲ್ಲ ಕಾದ ಶಹಾಬಾದ್ ಫರಸಿ ರಾತ್ರಿ ಒಂಬತ್ತಾದರೂ ಕುಂಡಿ ಸುಡುತ್ತಿತ್ತು. ಅರ್ಧ ತಾಸಿಗೊಮ್ಮೆ ಪ್ರೊಜೆಕ್ಟರ್ ಕಾದು, ಕೆಂಪು ದೀಪ ಮಿಣುಕಿಸಿ ತಾನೇ ಆರಿಹೋಗುತ್ತಿತ್ತು. ಹಾಂಗ್‌ಕಾಂಗ್ ನಿರ್ದೇಶಕ ವಾಂಗ್ ಕಾರ್-ವಾಯ್‌ನ ‘ಇನ್ ದ ಮೂಡ್ ಫಾರ್ ಲವ್’ ಹಾಕಿದ್ದೆ. ಬೀದಿದೀಪಕ್ಕೆ ಅದರ ಕೆಂಪೆಲ್ಲ ಬೂದಿಯಾಯಿತು. ಬಂದ ಹನ್ನೊಂದು ಜನರಲ್ಲಿ ಉಳಿದವರು ನಾನು, ನನ್ನ ತಮ್ಮ.

ಎರಡನೇ ವರ್ಷ ಕೋಣೆಗೆ ಇಳಿದೆ. ಕಿಟಕಿಗೆ ಕರಿ ಬಟ್ಟೆ ಎರಡು ಪದರ, ಗೋಡೆಗೆ ಬಿಳಿ ಬಿಟ್ಟು ಬೂದು ಬಣ್ಣ. ಚಿತ್ರದ ಕಪ್ಪು ಕಪ್ಪಾಗಿಯೇ ಬರಬೇಕಾದರೆ ಬಿಳಿ ಗೋಡೆ ಆಗೋದಿಲ್ಲ, ಬಿದ್ದ ಬೆಳಕನ್ನೆಲ್ಲ ಅದು ವಾಪಸ್ ಎಸೆಯುತ್ತೆ. ಆ ಬಣ್ಣಕ್ಕೆ ನಾನು ಏನು ಬೆರೆಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಚಿತ್ರ ಚಂದ ಬಂತು, ಜನ ನೋಡಲಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓಡುತ್ತೆ ಅಂತ ದೂರಿದರು. ಸರಿ, ಹದಿನೈದು ರಾತ್ರಿ ಕೂತು ಕನ್ನಡದಲ್ಲಿ ಬರೆದೆ. ಪೆನ್‌ಡ್ರೈವ್ ಚುಚ್ಚಿದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಸಾಲಾಗಿ ನಿಂತವು, ಓದಿದವರು ತೊದಲಿದಂತಾಯಿತು. ಕಡೆಗೆ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನು ಚಿತ್ರದ ಮೇಲೆಯೇ ಕೂರಿಸಿದೆ. ಎಲ್ಲರೂ ಸರಾಗ ಓದಿದರು. ಚಿತ್ರ ಮುಗಿದ ಮೇಲೆ ಕೇಳಿದೆ: ಕೊನೆಗೆ ನಾಯಕಿ ಹಾಕಿದ್ದ ಬಟ್ಟೆ ಯಾವ ಬಣ್ಣದ್ದು? ಒಬ್ಬರಿಗೂ ಗೊತ್ತಿಲ್ಲ. ಒಂದೂವರೆ ತಾಸು ಪರದೆಯ ತಳವನ್ನಷ್ಟೇ ನೋಡಿದ್ದರು.

ದಾರಿ ಹೊಳೆದದ್ದು ಊರಿನ ದೊಡ್ಡಾಟದಲ್ಲಿ. ದುರ್ಯೋಧನ ಸಾಯ್ತಾನೆ ಅನ್ನೋದು ಕೂಸಿಗೂ ಗೊತ್ತು, ಆದರೂ ಬೆಳತನಕ ಕೂಡುತ್ತಾರೆ. ಈ ಸಲದ ದುರ್ಯೋಧನ ಹೆಂಗ ಬಂದ ಅಂತ ನೋಡೋಕೆ. ಅಂದಮೇಲೆ ಕಥೆ ಪೂರಾ ಮೊದಲೇ ಹೇಳಿ, ಸಬ್‌ಟೈಟಲ್ ತೆಗೆದುಬಿಟ್ಟರೆ? ಗೆಳೆಯರು ಬೈದರು: “ಕಥಿ ಮೊದ್ಲೇ ಹೇಳ್ದಿ ಅಂದ್ರ ಯಾರ್ ಕುಂದರ್ತಾರಲೇ?”

‘ರಾನ್’ನಿಂದ ಶುರು ಮಾಡಿದೆ. ಚಹಾ ಕೊಟ್ಟು ಹತ್ತು ನಿಮಿಷದಲ್ಲಿ ಹೇಳಿದೆ: “ಮುದುಕ ಒಬ್ಬಾವ, ಮೂರು ಗಂಡು ಮಕ್ಕಳು. ಜೀವ ಇರೂತ್ಲೇ ಆಸ್ತಿ ಹಂಚಿ ಕೊಟ್ಟ. ಬ್ಯಾಡಪ್ಪ ಅಂದ ಸಣ್ಣ ಮಗನ್ನ ಹೊರಗ ಹಾಕಿದ. ಹಳದಿ ದೊಡ್ಡಾವ, ಕೆಂಪು ನಡುವಿನಾವ, ನೀಲಿ ಸಣ್ಣಾವ. ಹೆಸರು ನೆನಪಿಡಬ್ಯಾಡ್ರಿ, ಬಣ್ಣ ನೋಡ್ರಿ.” ಹಿಂದಿನಿಂದ ಯಾರೋ ಕೂಗಿದರು, “ಮುಂದಿಂದು ಗೊತ್ತದ ಬಿಡ್ರಿ, ನಮ್ಮ ಓಣ್ಯಾಗೇ ಆಗ್ಯದ!”

ಕೋಟೆ ಉರಿಯೋ ಹೊತ್ತಿಗೆ ಕೋಣೆಯಲ್ಲಿ ಕೆಮ್ಮೂ ಇಲ್ಲ. ಅಲ್ಲಿ ಕುರೊಸಾವಾ ಯುದ್ಧದ ಸಪ್ಪಳವನ್ನೆಲ್ಲ ತೆಗೆದು ತಾಕೆಮಿತ್ಸುನ ಸಂಗೀತ ಒಂದನ್ನೇ ಉಳಿಸಿದ್ದಾನೆ. ಫುಜಿ ಬೆಟ್ಟದ ಇಳಿಜಾರಿನಲ್ಲಿ ಆ ಕೋಟೆ ಕಟ್ಟಿ ಖರೇನೇ ಸುಟ್ಟದ್ದು, ಎರಡನೇ ಅವಕಾಶ ಇಲ್ಲ. ಆಗ ಐವತ್ತರ ಆಸುಪಾಸಿನಲ್ಲಿದ್ದ ನಟ ತತ್ಸುಯಾ ನಕಾಡೈ ಎಪ್ಪತ್ತರ ಮುದುಕನಾಗಿ ಹೊಗೆಯೊಳಗಿಂದ ಮೆಟ್ಟಿಲಿಳಿದು ಬರುತ್ತಾನೆ. ಹಿಂದೆ ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದ ಕಾಕಾ ಒಬ್ಬರು ನನ್ನ ಕಿವಿಯಲ್ಲಿ ಅಂದರು, “ಇಂವಂದು ನಮ್ಮ ಬಣ್ಣದ ಪದ್ಧತಿನೇ ತಮ್ಮ. ಮಾರಿ ಬಿಗಿ ಮಾಡ್ಯಾನ, ಕಣ್ಣಷ್ಟೇ ಆಡಸ್ತಾನ.” ಜಪಾನಿನ ನೋ ನಾಟಕದ ಮುಖವಾಡದಂತೆ ಆ ಮುಖಕ್ಕೆ ಬಣ್ಣ ಬರೆದದ್ದು ಅಂತ ನಾನು ಅವರಿಗೆ ಹೇಳಿರಲಿಲ್ಲ.

ಆಮೇಲೆ ಧೈರ್ಯವಾಗಿ ವಾಂಗ್‌ನ ಚಿತ್ರವನ್ನೇ ಮತ್ತೆ ಹಾಕಿದೆ. ಟೋನಿ ಲಿಯಾಂಗ್‌ಗೆ 2000ದಲ್ಲಿ ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದ ಚಿತ್ರ, ಆದರೆ ನಮ್ಮ ಕೋಣೆ ಗೆದ್ದದ್ದು ನಾಯಕಿ ಮ್ಯಾಗಿ ಚುಂಗ್. ಮುಂದಿನ ಸಾಲಿನಲ್ಲಿ ಟೇಲರ್ ಕಾಕಾ ಇದ್ದರು, ಆಕೆಯ ಬಟ್ಟೆ ಬದಲಾದಾಗೊಮ್ಮೆ ಬೆರಳು ಮಡಚುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ ಲೆಕ್ಕ ತಪ್ಪಿತಂತೆ. “ಆ ಕಾಲರ್ ನೋಡ್ರಿ, ಒಳಗ ಗಟ್ಟಿ ಬಕ್ರಂ ಬಟ್ಟಿ ಎರಡು ಪದರ ಇರಬೇಕು. ಕುತಗಿ ಬಗ್ಗಸಾಕ ಬರಂಗಿಲ್ಲ. ಅದಕ್ಕ ಪಾಪ, ಅಳೋದು ಸುದ್ದಾ ನೆಟ್ಟಗ ನಿಂತು ಅಳಬೇಕು.” ನಾನು ಆ ಚಿತ್ರ ಏಳೆಂಟು ಸಲ ನೋಡಿದ್ದೆ. ಕಾಲರು ನಟಿಸುತ್ತಿದೆ ಅಂತ ನನಗೆ ಹೊಳೆದಿರಲಿಲ್ಲ.

ಒಂದು ಅಡ್ಡ ಪ್ರಯೋಗವನ್ನೂ ಹೇಳಿಬಿಡ್ತೀನಿ. ಕ್ಯೂಬ್ರಿಕ್‌ನ ‘ಬ್ಯಾರಿ ಲಿಂಡನ್’ನ (1975) ಕೆಲವು ದೃಶ್ಯ ಮೇಣದ ಬತ್ತಿ ಬೆಳಕಲ್ಲಿ ತೆಗೆದದ್ದು, ನಾಸಾಗೆ ಅಂತ ಝೈಸ್ ಮಾಡಿದ ಎಫ್ 0.7 ಲೆನ್ಸಿನಲ್ಲಿ. ಈ ಅಂಕಿ ಸಣ್ಣದಾದಷ್ಟೂ ಲೆನ್ಸಿಗೆ ಬೆಳಕು ಹೆಚ್ಚು, ಸ್ಪಷ್ಟ ಕಾಣೋ ಆಳ ಕಡಿಮೆ. ನನ್ನ ಹತ್ತಿರ ಇದ್ದದ್ದು ಎಫ್ 1.8. ದೇವರ ಮನೆಯ ದೀಪ ಆರು ಹಚ್ಚಿ ತಮ್ಮನ್ನ ಕೂರಿಸಿದೆ. ನಾಲ್ಕು ಬೆರಳು ಮುಂದೆ ಬಾಗಿದರೆ ಸಾಕು, ಕಣ್ಣು ಮಸುಕು. ಹತ್ತು ನಿಮಿಷಕ್ಕೆ ಬೆವತು ಎದ್ದುಹೋದ. ಆ ಚಿತ್ರದ ನಟರು ಗೊಂಬೆಯಂತೆ ಯಾಕೆ ಕೂತಿರುತ್ತಾರೆ ಅಂತ ಅವತ್ತು ಗೊತ್ತಾಯಿತು. ಎಣ್ಣೆ ಖರ್ಚು ಅವ್ವ ಇನ್ನೂ ಎತ್ತಾಡ್ತಾಳೆ.

ನನ್ನ ಪದ್ಧತಿ ಸೋತದ್ದೂ ಉಂಟು. ಪರಜಾನೋವ್‌ನ ‘ದಾಳಿಂಬೆಯ ಬಣ್ಣ’ದಲ್ಲಿ ಹೇಳೋಕೆ ಕಥೆಯೇ ಇಲ್ಲ. ಸೋಫಿಕೊ ಚಿಯಾವುರೆಲಿ ಒಬ್ಬಳೇ ಗಂಡಾಗಿ, ಹೆಣ್ಣಾಗಿ ಹಲವು ಪಾತ್ರ ಮಾಡ್ತಾಳೆ. ನಾನು ಗೊಂದಲಪಟ್ಟು ಏನೋ ಹೇಳಿದೆ, ಜನ ಇನ್ನಷ್ಟು ಗೊಂದಲಪಟ್ಟರು. ಬಿಳಿ ಬಟ್ಟೆ ಮೇಲೆ ದಾಳಿಂಬೆ ರಸ ಹರಡಿದಾಗ ಒಬ್ಬ ಅಕ್ಕಾ, “ಆ ಕಲೆ ಇನ್ನ ಹೋಗಂಗಿಲ್ಲ” ಅಂದರು. ಅವತ್ತಿನ ಮಟ್ಟಿಗೆ ಅದೇ ಲಾಭ. ಈಗ ಅದನ್ನು ಇಪ್ಪತ್ತು ನಿಮಿಷ ಮಾತ್ರ, ಬೇರೆ ಚಿತ್ರದ ಮೊದಲು ಹಾಕ್ತೀನಿ.

ದುಡ್ಡು: ತಲೆಗೆ 30 ರೂಪಾಯಿ, ಚಹಾ ಸೇರಿ. ಇಲ್ಲಿತನಕ ಹಾಕಿದ್ದು ಹತ್ತಿರಹತ್ತಿರ 31 ಸಾವಿರ, ಬಂದದ್ದು 13 ಸಾವಿರ ಇರಬಹುದು. ಇನ್ವರ್ಟರ್ ಬ್ಯಾಟರಿ ಇದರಲ್ಲಿ ಸೇರಿಲ್ಲ, ಅದು ಸ್ಟುಡಿಯೊ ಲೆಕ್ಕ ಅಂತ ಮನೆಯಲ್ಲಿ ಹೇಳಿದ್ದೀನಿ.

ಮುಂದಿನದು ವಿಸ್ಕಾಂಟಿಯ ‘ದ ಲೆಪರ್ಡ್’. ಬರ್ಟ್ ಲ್ಯಾಂಕಸ್ಟರ್ ಅರಮನೆಯ ನೃತ್ಯದ ನಡುವೆ ತನ್ನ ಸಾವನ್ನು ನೆನೆಯೋ ಆ ಉದ್ದನೆಯ ಭಾಗವನ್ನು ಹತ್ತು ನಿಮಿಷದಲ್ಲಿ ಹೇಗೆ ಹೇಳೋದು, ಇನ್ನೂ ಕುದುರಿಲ್ಲ. ಟೇಲರ್ ಕಾಕಾ ಮಾತ್ರ ಆಗಲೇ ಕೇಳಿದ್ದಾರೆ, ಗೌನು ಎಷ್ಟದಾವ ಅಂತ.