ಗೈರಾದ ಮಗು ಮರಳಿ ಬರುವ ದಾರಿ

ಶಾಲೆ ಬಿಡುವ ಅಂಚಿನಲ್ಲಿದ್ದ ಮಕ್ಕಳಿಗಾಗಿ ಹಳ್ಳಿಯಲ್ಲಿ ನಡೆಯುವ ಪರ್ಯಾಯ ಶಾಲೆಯೊಂದರ ಹೊಣೆ ಹೊತ್ತಾಗ, ಕಲಿಸುವ ಕ್ರಮವನ್ನು ಬದಲಿಸಿದರೆ ಸಾಕು, ಮಕ್ಕಳು ಉಳಿಯುತ್ತಾರೆ ಎಂದು ನಾನು ನಂಬಿದ್ದೆ. ಮೊದಲ ವರ್ಷದ ಹಾಜರಿ ಪುಸ್ತಕ ಬೇರೆಯದನ್ನೇ ಹೇಳಿತು. ನಮ್ಮನ್ನು ಬಿಟ್ಟುಹೋದವರಲ್ಲಿ ಹೆಚ್ಚಿನವರು ಪಾಠ ಕಷ್ಟವೆಂದು ಹೋದವರಲ್ಲ. ಕೊಯ್ಲಿನ ಕೆಲಸಕ್ಕೋ ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಎರಡು ವಾರ ಉಳಿದುಕೊಂಡು, ಅಷ್ಟರಲ್ಲಿ ತರಗತಿ ಬಹಳ ಮುಂದೆ ಸಾಗಿರುವುದನ್ನು ಕಂಡು ಒಳಗೆ ಬರಲು ನಾಚಿದವರು.

ಆದ್ದರಿಂದ ಮರಳಿ ಬರುವುದನ್ನು ಸುಲಭಗೊಳಿಸುವುದೇ ನಮ್ಮ ಮುಖ್ಯ ಕೆಲಸವಾಯಿತು. ಕೊಲಂಬಿಯಾದ ಗ್ರಾಮೀಣ ಶಾಲೆಗಳಲ್ಲಿ 1970ರ ದಶಕದಲ್ಲಿ ವಿಕಿ ಕೋಲ್ಬರ್ಟ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಎಸ್ಕುವೆಲಾ ನುಯೆವಾ’ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಮಾರ್ಗದರ್ಶಿ ಪುಸ್ತಿಕೆಗಳ ನೆರವಿನಿಂದ ತನ್ನದೇ ವೇಗದಲ್ಲಿ ಮುಂದುವರಿಯುತ್ತದೆ. ಗೈರಾದ ಮಗು ತಾನು ನಿಲ್ಲಿಸಿದ ಪುಟದಿಂದಲೇ ಮತ್ತೆ ತೊಡಗಬಹುದು. ನಾವು ಗಣಿತ ಮತ್ತು ಭಾಷೆಯನ್ನು ಈ ಬಗೆಯ ಚಿಕ್ಕ ಘಟಕಗಳಾಗಿ ಒಡೆದೆವು. ಬರೆದು ಮುಗಿಸಲು ಎರಡು ಬೇಸಿಗೆ ರಜೆಗಳು ಬೇಕಾದವು, ಮೊದಲ ಕರಡುಗಳು ಮಕ್ಕಳಿಗೆ ಅರ್ಥವಾಗದೆ ಮತ್ತೆ ಬರೆಯಬೇಕಾಯಿತು. ಆದರೂ ಮಾಡಿದ ಕೆಲಸಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನನ್ನ ಅಭಿಪ್ರಾಯ.

ಇದರ ಜೊತೆಗೆ ಪ್ರತಿ ಶಿಕ್ಷಕರಿಗೂ ಹತ್ತು ಹನ್ನೆರಡು ಮಕ್ಕಳನ್ನು ವಹಿಸಿದೆವು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಅಭ್ಯಸಿಸಿದ ಎಮಿ ವರ್ನರ್ ಅವರು, ಬಡತನ ಮತ್ತು ಕಲಹದ ಮನೆಗಳಲ್ಲಿ ಬೆಳೆದೂ ಗಟ್ಟಿಯಾಗಿ ನಿಂತವರಿಗೆ ಆಸರೆಯಾದ ಕನಿಷ್ಠ ಒಬ್ಬ ಹಿರಿಯರು ಇದ್ದುದನ್ನು ಗುರುತಿಸಿದ್ದರು. ನಮ್ಮಲ್ಲಿ ಆ ಹಿರಿಯರ ಕೆಲಸ ಬಹಳ ಸಾದಾ: ಮಗು ಬಾರದ ದಿನವೇ ಮನೆಗೆ ಫೋನ್ ಮಾಡುವುದು, ಮೂರನೆಯ ದಿನ ಮನೆಗೇ ಹೋಗುವುದು, ಮರಳಿ ಬಂದ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು. ‘ಯಾಕೆ ಬರಲಿಲ್ಲ?’ ಎಂಬ ಪ್ರಶ್ನೆಯನ್ನು ಎಲ್ಲರೆದುರು ಕೇಳಬಾರದೆಂದು ನಿಯಮ ಮಾಡಿಕೊಂಡೆವು. ಕಾರಣವನ್ನು ಮಧ್ಯಾಹ್ನ, ಒಬ್ಬರೇ ಇರುವಾಗ ಕೇಳಿದರೆ ನಿಜ ಹೊರಬರುತ್ತದೆ.

ದೂರದ ಮನೆಗಳ ಮಕ್ಕಳಿಗೆ ವಾಹನ ತಪ್ಪಿದರೆ ಇಡೀ ದಿನವೇ ತಪ್ಪಿಹೋಗುತ್ತಿತ್ತು. ಶಾಲೆ ಆರಂಭವಾಗುವ ಹೊತ್ತನ್ನೇ ಬಸ್ಸಿಗೆ ಹೊಂದಿಸಿದೆವು.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಬೇರೊಂದು ಶಾಲೆ ಶಿಸ್ತಿನ ಕ್ರಮವಾಗಿ ಕಳುಹಿಸಿದ ಹುಡುಗನೊಬ್ಬನನ್ನು, ಅವನ ಇಷ್ಟವನ್ನು ಕೇಳದೆಯೇ, ಸೇರಿಸಿಕೊಂಡೆ. ಅವನ ಕಣ್ಣಿಗೆ ನಮ್ಮ ಶಾಲೆ ಶಿಕ್ಷೆಯಾಗಿಯೇ ಉಳಿಯಿತು, ಆರು ವಾರಗಳಲ್ಲಿ ಹೊರಟುಹೋದ. ಪರ್ಯಾಯ ಶಾಲೆಗಳನ್ನು ವಿಂಗಡಿಸಿದ ಮೇರಿ ಆ್ಯನ್ ರೇವಿಡ್ ಅವರು 1994ರಲ್ಲೇ, ವಿದ್ಯಾರ್ಥಿಗಳು ಆರಿಸಿಕೊಂಡು ಬರುವ ಶಾಲೆಯನ್ನೂ ‘ಕೊನೆಯ ಅವಕಾಶ’ವೆಂದು ದಬ್ಬಲ್ಪಡುವ ಶಾಲೆಯನ್ನೂ ಬೇರೆ ಬೇರೆಯಾಗಿ ನೋಡಿದ್ದರು. ಆ ಹುಡುಗನ ನಂತರ, ಒಂದು ವಾರ ಬಂದು ಕುಳಿತು ನೋಡಿ, ತಾವೇ ಒಪ್ಪಿದ ಮಕ್ಕಳನ್ನು ಮಾತ್ರ ದಾಖಲಿಸುತ್ತಿದ್ದೇನೆ.

ಇಷ್ಟಾದರೂ ಹಳ್ಳಿಗೆ ಬಂದ ಶಿಕ್ಷಕರು ಎರಡು ಮೂರು ವರ್ಷಗಳಲ್ಲಿ ಹೊರಟುಬಿಡುತ್ತಾರೆ, ಅವರನ್ನೇ ನೆಚ್ಚಿದ್ದ ಮಕ್ಕಳ ಗೈರುಹಾಜರಿ ಮರುವಾರವೇ ಹೆಚ್ಚುತ್ತದೆ. ಈಗ ಹೊರಡುವವರೂ ಹೊಸಬರೂ ಒಂದು ತಿಂಗಳು ಒಟ್ಟಿಗೆ ಇದ್ದು, ಪ್ರತಿ ಮಗುವಿನ ಮನೆಗೆ ಇಬ್ಬರೂ ಜೊತೆಯಾಗಿ ಹೋಗಿ ಬರುತ್ತಾರೆ.