ಲಿವರ್ ಕಸಿ: ತೂಕ ಬಿಡಿ, ಕುರ್ಚಿಯಿಂದ ಏಳುವುದನ್ನು ನೋಡಿ

ಲಿವರ್ ಕಸಿಗೆ ಕಾಯುತ್ತಿರುವವರು ಇರುವ ಮನೆಯಲ್ಲಿ ತೂಕದ ಯಂತ್ರವನ್ನು ನಂಬಬೇಡಿ. ಹೊಟ್ಟೆಯಲ್ಲಿ ನೀರು ತುಂಬಿದರೆ ತೂಕ ಏರುತ್ತದೆ, ಆದರೆ ತೋಳು ತೊಡೆಗಳು ಒಣಗುತ್ತಿರುತ್ತವೆ. ಪಂಚೆ ಸೊಂಟಕ್ಕೆ ಸಾಲದು, ಕೈಗಡಿಯಾರ ಮಾತ್ರ ಮೊಣಕೈವರೆಗೂ ಜಾರುತ್ತದೆ. ಸರದಿ ನಿರ್ಧರಿಸುವ ಮೆಲ್ಡ್ ಅಂಕವೂ ರಕ್ತಪರೀಕ್ಷೆಯ ಲೆಕ್ಕವೇ ಹೊರತು ಕಾಲಿನ ಕಸುವು ಅದರಲ್ಲಿ ಕಾಣುವುದಿಲ್ಲ.

ಮೊದಲು ಅಳೆಯಿರಿ. ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು 2017ರಲ್ಲಿ ಪ್ರಕಟಿಸಿದ ‘ಲಿವರ್ ಫ್ರೇಲ್ಟಿ ಇಂಡೆಕ್ಸ್’ (ಲಿವರ್ ರೋಗಿಯ ನಿತ್ರಾಣದ ಅಳತೆ) ಎಂಬುದರಲ್ಲಿ ಮೂರೇ ಪರೀಕ್ಷೆ: ಕೈಹಿಡಿತದ ಬಲ, ಕುರ್ಚಿಯಿಂದ ಐದು ಸಲ ಏಳುವುದು, ಪಾದಗಳನ್ನು ಮೂರು ರೀತಿಯಲ್ಲಿಟ್ಟು ಹತ್ತು ಹತ್ತು ಸೆಕೆಂಡು ನಿಲ್ಲುವುದು. ಕುರ್ಚಿಯದ್ದನ್ನು ಮನೆಯಲ್ಲೇ ಮಾಡಬಹುದು. ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಏಳಲಿ, ಕೂರಲಿ; ಪಕ್ಕದಲ್ಲಿ ಒಬ್ಬರು ನಿಂತಿರಿ. ಹಿಡಿದ ಸೆಕೆಂಡುಗಳನ್ನು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದು ವೈದ್ಯರಿಗೆ ತೋರಿಸಿ.

ಎರಡನೆಯದು ರಾತ್ರಿಯ ಊಟ, ಎಲ್ಲರೂ ಎಡವುವುದು ಇಲ್ಲೇ. ಸಿರೋಸಿಸ್ ಆದ, ಅಂದರೆ ಗಾಯದ ಕಲೆ ತುಂಬಿ ಗಟ್ಟಿಯಾದ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಮಲಗುವ ಮುನ್ನ ಹಾಲು ಬೆರೆಸಿದ ರಾಗಿ ಗಂಜಿಯೋ, ಚಪಾತಿಯೋ ಹೊಟ್ಟೆಗೆ ಬೀಳಲಿ. ಹಗಲಲ್ಲೂ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಬಿಡಬೇಡಿ. ಏಕಾದಶಿಯ ಉಪವಾಸವನ್ನು ದೇವರು ಬಾಕಿ ಬರೆದುಕೊಳ್ಳಲಿ.

‘ಪ್ರೋಟೀನ್ ತಿಂದರೆ ಅಮೋನಿಯಾ ಏರುತ್ತದೆ’ ಎಂಬ ಹಳೆಯ ಪಥ್ಯ ಈಗ ಬದಲಾಗಿದೆ. ಮಿದುಳನ್ನು ಮಂಕಾಗಿಸುವ ಈ ಅಮೋನಿಯಾವನ್ನು ಅರಗಿಸುವ ಕೆಲಸದಲ್ಲಿ ಸ್ನಾಯುವಿಗೂ ಪಾಲಿದೆ. ಹೊಟ್ಟೆಯ ನೀರನ್ನು ಕಳೆದು ಉಳಿಯುವ ತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋದವರಿಗೆ 72ರಿಂದ 90 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಮಾತ್ರ. ಆದ್ದರಿಂದ ತಿಳಿಸಾರು ಬಡಿಸಿ ಸುಮ್ಮನಾಗಬೇಡಿ, ಸೌಟನ್ನು ತಳಕ್ಕಿಳಿಸಿ ಬೇಳೆ ಬಡಿಸಿ. ಉಪ್ಪು ಹೆಚ್ಚಿರುವ ಉಪ್ಪಿನಕಾಯಿ, ಹಪ್ಪಳ ಬೇಡ.

ನಡಿಗೆ ದಿನವೂ ಇರಲಿ. ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು, ಅನ್ನನಾಳದ ರಕ್ತನಾಳಗಳು ಊದಿದ್ದರಂತೂ ಕೇಳದೆ ವ್ಯಾಯಾಮ ಬೇಡ.

ಕಸಿಯಾದ ಮೇಲೆ? ಹೊಸ ಲಿವರ್ ಬಂದಿತೆಂದು ಕಾಲುಗಳು ಹೊಸದಾಗುವುದಿಲ್ಲ. ಶಸ್ತ್ರಚಿಕಿತ್ಸೆ, ಹಾಸಿಗೆವಾಸ, ಸ್ಟೀರಾಯ್ಡ್ ಸೇರಿ ಮೂರನೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ನಿತ್ರಾಣ ಕಾಣುವುದು ಸಾಮಾನ್ಯ. ಹಳೆಯ ಮಟ್ಟಕ್ಕೆ ಮರಳಲು ಆರು ತಿಂಗಳಾದರೂ ಬೇಕಾಗುತ್ತದೆ. ‘ಪಾಪ, ಮಲಗಿರಲಿ’ ಎನ್ನುವ ನೆಂಟರನ್ನು ಕಾಫಿ ಕೊಟ್ಟು ಕಳುಹಿಸಿ. ತುಂಬಿದ ಬಿಂದಿಗೆ, ಸಿಲಿಂಡರುಗಳನ್ನು ಸರ್ಜನ್ ಒಪ್ಪುವವರೆಗೆ ಮುಟ್ಟಿಸಬೇಡಿ, ಆದರೆ ಕುರ್ಚಿ ಮತ್ತೆ ಗೋಡೆಯ ಪಕ್ಕಕ್ಕೆ ಬರಲಿ. ಹಳೆಯ ಕ್ಯಾಲೆಂಡರನ್ನು ಎಸೆದಿಲ್ಲ ತಾನೆ? ಹೊಸ ಸೆಕೆಂಡುಗಳನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.