ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮುಂಚೆ ಇದೊಂದು ನೋಡಿ

ಚೆಕ್ ಎಂಜಿನ್ ಲೈಟ್ ಬಂತು, ಸ್ಕ್ಯಾನರ್ ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್) ತೋರಿಸಿತು ಅಂದ ತಕ್ಷಣ, ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಈ ಕನ್ವರ್ಟರ್ ಹೋಯ್ತು ಅಂದುಕೊಳ್ಳಬೇಡಿ. ನನ್ನ ಪೆಟ್ರೋಲ್ ಕಾರಿಗೆ ಗ್ಯಾರೇಜಿನವರು ಹಾಗೇ ಹೇಳಿದ್ದರು. ಕೊನೆಗೆ ಸಿಕ್ಕಿದ್ದು ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಸಣ್ಣ ಲೀಕ್. ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಹಿಡಿದಿತ್ತು, ಅಷ್ಟೇ.

ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನ ಮಾಹಿತಿಯನ್ನು ಮೊಬೈಲಿನಲ್ಲಿ ತೋರಿಸುವ ಸಾಧನ) ಇದ್ದರೆ ನೀವೇ ನೋಡಬಹುದು. ಮೊದಲು ಇಪ್ಪತ್ತು ನಿಮಿಷ ಓಡಿಸಿ. ಎಂಜಿನ್ ತಣ್ಣಗಿದ್ದಾಗ ನೋಡಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಗಾಡಿ ನಿಲ್ಲಿಸಿ, 2500 ಆರ್‌ಪಿಎಂನಲ್ಲಿ ಹಿಡಿದು, ಕನ್ವರ್ಟರ್‌ಗೆ ಮುಂದೊಂದು, ಹಿಂದೊಂದು ಇದ್ದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ನೋಡಿ. ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿರಬೇಕು. ಕೆಲವು ಕಾರುಗಳಲ್ಲಿ ಮುಂದೆ ಏರ್-ಫ್ಯೂಯೆಲ್ ಸೆನ್ಸರ್ ಇರುತ್ತದೆ, ಅದು ಹೀಗೆ ಕುಣಿಯಲ್ಲ, ಗಾಬರಿ ಬೇಡ. ಹಿಂದಿನದು 0.6, 0.7ರ ಹತ್ತಿರ ಸುಮ್ನೆ ಕೂತಿರಬೇಕು. ಅದೂ ಮುಂದಿನದರ ಜೊತೆಗೇ ಕುಣಿದರೆ ಕನ್ವರ್ಟರ್ ಮೇಲೆ ಅನುಮಾನ. ಆಕ್ಸಿಲರೇಟರ್ ಜೋರಾಗಿ ಒತ್ತಿ ಬಿಟ್ಟರೂ ಹಿಂದಿನದು ಕದಲದೆ ನಿಂತಿದ್ದರೆ ಸೆನ್ಸರ್ ಅಥವಾ ಅದರ ವೈರ್ ನೋಡಿಸಿ.

ಇನ್ನೊಂದು, ಮಿಸ್‌ಫೈರ್ (ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಉರಿಯದ ಪೆಟ್ರೋಲ್ ಒಳಗೆ ಹೋದರೆ ಹೊಸ ಕನ್ವರ್ಟರ್ ಕೂಡ ಸುಟ್ಟುಹೋಗುತ್ತದೆ.